ಪೈಲಟ್ ಸವದಿಯ ಮೂರು ನಿಮಿಷ

ಸತ್ತವರ ಲೈನು ಹನ್ನೊಂದು ಗಂಟೆಗೆ ಸಿಕ್ಕಿತು. ದಾಖಲೆ ತಪ್ಪಿರುವವರಿಗೆ ಮಾತ್ರ ವರ್ಷಕ್ಕೊಂದು ಕರೆ, ಅದೂ ಮೂರೇ ನಿಮಿಷ. ಯುದ್ಧದಲ್ಲಿ ಕಳೆದುಹೋದ ವಿಮಾನಗಳ ದಾಖಲೆ ತಿದ್ದುವ ನಳಿನಾಕ್ಷಿಗೆ ಪೈಲಟ್ ಸವದಿಯ ಜೊತೆ ಇದು ಒಂಬತ್ತನೇ ಕರೆ. ಒಂದು ರಿಜಿಸ್ಟರಿನ ಪ್ರಕಾರ ಅವನ ವಿಮಾನವನ್ನು ಶತ್ರುಗಳು ಹೊಡೆದುರುಳಿಸಿದ್ದರು. ಇನ್ನೊಂದರ ಪ್ರಕಾರ ಎಂಜಿನ್ ಕೆಟ್ಟಿತ್ತು.

"ಹೊಡೆದರೋ, ಎಂಜಿನ್ ಕೆಟ್ಟಿತೋ? ಒಂದೇ ಮಾತು ಹೇಳಪ್ಪ."

"ನಾಷ್ಟಾ ಆತೇನ್ರಿ ಅಕ್ಕಾರ?"

"ಆಯ್ತು. ಹೇಳು."

"ಏನ್ ಮಾಡಿದ್ರಿ?"

"ಉಪ್ಪಿಟ್ಟು!" ನಳಿನಾಕ್ಷಿ ಪೆನ್ನನ್ನು ಮೇಜಿಗೆ ಕುಕ್ಕಿದಳು. ಹೋದ ವರ್ಷ ಇವನು ಮಳೆಯ ವಿಚಾರ ಕೇಳುತ್ತ ಮೂರೂ ನಿಮಿಷ ನುಂಗಿದ್ದ. ಅದರ ಹಿಂದಿನ ವರ್ಷ ಅವಳ ಮಂಡಿನೋವು. ಮಿಕ್ಕವರದೆಲ್ಲ ಸರಿಯಾಗಿ ಇವನೊಬ್ಬನದೇ ಉಳಿದಿದೆ. ಮೇಲಧಿಕಾರಿ ಉಗಿಯುವುದು ಅವಳಿಗೆ. "ಸತ್ತವನು ನೀನು, ತಲೆ ಚಚ್ಚಿಕೊಳ್ಳೋಳು ನಾನು! ನಿನಗೇ ಗೊತ್ತಿಲ್ಲವೇನೋ?"

"ಗೊತ್ತೈತ್ರಿ."

"ಮತ್ತೆ ಹೇಳೋಕೇನು ರೋಗ?"

ಸವದಿ ದನಿ ತಗ್ಗಿಸಿದ.

"ಪೈಲಟ್ ಪೂಣಚ್ಚ ಹೋದ ವರ್ಷ ಎಲ್ಲಾ ಹೇಳಿಬಿಟ್ಟ. ನೀವು ದಾಖಲೆ ಸರಿ ಮಾಡಿದ್ರಿ. ಈ ವರ್ಷ ಅಂವಗ ಫೋನ್ ಬರಲಿಲ್ಲ. ಇಲ್ಲೇ ನನ್ನ ಮಗ್ಗಲದಾಗ ಇನ್ನೂ ಕಾಯ್ಕೋತ ಕುಂತಾನ್ರಿ."

ಲೈನು ಕಡಿಯಲು ಅರ್ಧ ನಿಮಿಷವಿತ್ತು. ನಳಿನಾಕ್ಷಿ ಸವದಿಯ ಕಡತದ ಮೇಲೆ 'ಉತ್ತರ ಸಿಕ್ಕಿಲ್ಲ' ಎಂದು ಬರೆದಳು.

"ಉಪ್ಪಿಟ್ಟಿಗೆ ಇವತ್ತು ಉಪ್ಪು ಜಾಸ್ತಿಯಾಗಿತ್ತು ಕಣೋ," ಎಂದಳು.