ಬೆನ್ನ ಮೇಲಿನ ಜಿಪ್

ಅಣೆಕಟ್ಟಿನ ತಳದ ಗೇಟು ಪರೀಕ್ಷಿಸಿ ಮೇಲೆ ಬಂದ ಮುಳುಗುಗಾರ ದೋಣಿಯಲ್ಲಿ ತುದಿಗಾಲಲ್ಲಿ ಕುಣಿಯುತ್ತಿದ್ದ. ಹನಿ ನೀರೂ ಒಳಗೆ ಬಿಡದ ಆ ರಬ್ಬರ್ ಸೂಟಿನ ಜಿಪ್ ಇದ್ದದ್ದು ಬೆನ್ನ ಮೇಲೆ. ಇನ್ನೊಬ್ಬರು ಎಳೆಯದೆ ಅದು ಬಿಚ್ಚುವಂತಿರಲಿಲ್ಲ.

"ಅಣ್ಣಾ, ಜಿಪ್ ಎಳೀರಿ. ತಡ್ಕೊಳ್ಳೋಕೆ ಆಗ್ತಿಲ್ಲ!"

ಹಿರಿಯ ಮುಳುಗುಗಾರ ಅವಲಕ್ಕಿ ತಟ್ಟೆಯಿಂದ ತಲೆ ಎತ್ತಲಿಲ್ಲ. "ಮುಂದಿನ ಸರದಿ ನಂದು. ತಿಂದು ಮುಗಿಸ್ತೀನಿ, ಇರು."

"ನಿಮ್ಮ ಕಾಲಿಗೆ ಬೀಳ್ತೀನಿ. ಇನ್ನೊಂದು ನಿಮಿಷಾನೂ ಆಗಲ್ಲ!"

"ಹಾಗಿದ್ರೆ ಒಳಗೇ ಬಿಟ್ಬಿಡು. ಸೂಟು ತಾನೇ, ತೊಳೆದ್ರೆ ಆಯ್ತು."

ಕಿರಿಯವನು ಕಣ್ಣು ಮುಚ್ಚಿದ. ಬಿಗಿದಿದ್ದ ಮುಖ ನಿಧಾನವಾಗಿ ಸಡಿಲವಾಯಿತು.

"ಸದ್ಯ, ನೀವೇ ಹೇಳಿದ್ರಿ ಅಣ್ಣಾ," ಎಂದ. "ನನ್ನ ಸೂಟು ಬೆಳಿಗ್ಗೇನೇ ಹರಿದುಹೋಗಿತ್ತು. ಇದು ನಿಮ್ದು."