ನೀವೇ ಕಂಡಿದ್ದು

‘ಟರ್ನ್ ಎ ಬ್ಲೈಂಡ್ ಐ’ ಎಂದು ಬೋರ್ಡಿನ ಮೇಲೆ ಬರೆದಾಗಿನಿಂದ ಇಂಗ್ಲಿಷ್ ಮಿಸ್‌ಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ.

“ಅಂದ್ರೆ, ಕಂಡೂ ಕಾಣದ ಹಾಗೆ ಇರೋದು. ಪುಸ್ತಕದ ಉದಾಹರಣೆ ಬೇಡ, ನೀವೇ ಕಂಡಿದ್ದು ಹೇಳಿ.”

ಅವರು ಪಾಠ ಮಾಡುತ್ತಿದ್ದದ್ದೇ ಹಾಗೆ.

“ಬಸ್ಸಲ್ಲಿ ಅಜ್ಜಿ ನಿಂತಿರೋದು ನೋಡಿನೂ ನಮ್ಮಣ್ಣ ಕಿಟಕಿ ಕಡೆ ತಿರುಗಿಕೊಂಡ, ಮಿಸ್.”

“ಸರಿಯಾಗಿದೆ. ಇನ್ಯಾರು?”

ಕೊನೆಯ ಬೆಂಚಿನಿಂದ ತುಳಸಿ ಕೈಯೆತ್ತಿದಳು. ಶಾಲೆಯ ಅಧ್ಯಕ್ಷರ ಮಗಳು. ಬಿರುಬೇಸಿಗೆಯಲ್ಲೂ ಸ್ವೆಟರ್ ಬಿಚ್ಚದವಳು. ಮಿಸ್ ಬೇರೆ ಮಕ್ಕಳತ್ತ ನೋಡಿದರು. ಎತ್ತಿದ ಕೈ ಇಳಿಯಲಿಲ್ಲ.

“ನಿಂಗೆ ಅರ್ಥ ಆಗಿದೆ ತಾನೇ?”

“ಆಗಿದೆ ಮಿಸ್. ಮೊನ್ನೆ ನನ್ನ ತೋಳಲ್ಲಿ ಅಪ್ಪ ಹಾಕಿದ ಬರೆ ನೋಡಿದ ತಕ್ಷಣ, ನೀವು ಬೋರ್ಡ್ ಒರೆಸೋಕೆ ಹೋದ್ರಲ್ಲ, ಅದು.”