ಪೆನ್ನಿನ ಸದ್ದು

"ಏಳೆಂಟ್ಲ ಐವತ್ನಾಲ್ಕು. ಬರ್ಕೋ ತಂಗಿ," ಎಂದ ಕಣ್ಣು ಕಾಣದ ಅಭ್ಯರ್ಥಿ. 'ಐವತ್ತಾರು' ಅವಳ ನಾಲಿಗೆಯ ತುದಿಗೆ ಬಂದು ನಿಂತಿತು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಎದುರಾಳಿಯ ಕೂದಲೆಳೆಯಷ್ಟು ತಪ್ಪನ್ನೂ ಬಿಡದೆ ಎತ್ತಿ ಆಡಿ ಬಹುಮಾನ ಹೊಡೆದವಳು, ಇವನ ಪರೀಕ್ಷೆ ಬರೆದುಕೊಡಲು ತಾನಾಗಿಯೇ ಒಪ್ಪಿ ಬಂದಿದ್ದಳು.

ತಿಂಗಳಿಡೀ ಅಭ್ಯಾಸದಲ್ಲಿ ಅವನು ತಪ್ಪು ಹೇಳಿದಾಗಲೆಲ್ಲ ಅವಳ ಪೆನ್ನು ತಡೆದು ನಿಲ್ಲುತ್ತಿತ್ತು. ಸದ್ದು ನಿಂತದ್ದೇ ತಡ, "ಎಡವಿದ್ನಾ?" ಎಂದು ನಕ್ಕು ಅವನು ತಿದ್ದಿಕೊಳ್ಳುತ್ತಿದ್ದ. ಈಗಲೂ ಒಂದು ಕ್ಷಣ ನಿಲ್ಲಿಸಿದ್ದರೆ ಸಾಕಿತ್ತು. ಅತಿ ಹೆಚ್ಚು ಅಂಕದ ಲೆಕ್ಕ ಅದು; ನೌಕರಿಯ ವಯಸ್ಸು ಮೀರುವ ಮುಂಚೆ ಇದೇ ಅವನ ಕೊನೆಯ ಪರೀಕ್ಷೆ. ಆದರೆ ಹೇಳಿದ್ದನ್ನಷ್ಟೇ ಬರೆಯುತ್ತೇನೆ, ಯಾವ ಸುಳಿವನ್ನೂ ಕೊಡುವುದಿಲ್ಲ ಎಂದು ಬೆಳಿಗ್ಗೆಯಷ್ಟೇ ಅವಳು ಸಹಿ ಹಾಕಿದ್ದಳು.

ತುಟಿ ಕಚ್ಚಿಕೊಂಡು ಐವತ್ನಾಲ್ಕು ಎಂದೇ ಬರೆದಳು. ಅದರ ಮೇಲೆ ಅವನು ಕಟ್ಟುತ್ತಾ ಹೋದ ಲೆಕ್ಕವನ್ನೆಲ್ಲ, ಪೆನ್ನು ಎಲ್ಲಿಯೂ ನಿಲ್ಲದ ಹಾಗೆ, ಕೊನೆಯವರೆಗೂ ಬರೆದಳು.

ಗಂಟೆ ಹೊಡೆಯಿತು. ಅವಳ ತೋಳು ಹಿಡಿದು ಮೆಟ್ಟಿಲಿಳಿಯುತ್ತಿದ್ದ ಅವನ ಮುಖ ಊರಗಲ ಅರಳಿತ್ತು.

"ಈ ಸಲ ಗೆದ್ದೆ ಕಣೇ ತಂಗಿ. ನಿನ್ನ ಪೆನ್ನು ಒಂದೇ ಒಂದ್ಸಲಾನೂ ನಿಲ್ಲಲಿಲ್ಲ!"